ಲೇಔಟ್ ಬರ್ತಾ ಇದೆಯಾ? ಮರಕ್ಕೂ ಕರೆಂಟಿಗೂ ಷರತ್ತು ಹಾಕ್ಸೋದು ಹೇಗೆ: ಪಂಚಾಯ್ತಿ ಮೆಂಬರ್‌ಗಳಿಗೆ ಪೂರ್ತಿ ಗೈಡ್

ಮೊದಲೇ ಹೇಳ್ಬಿಡ್ತೀನಿ, ನಾನು ಲಾಯರೂ ಅಲ್ಲ, ಇಂಜಿನಿಯರೂ ಅಲ್ಲ. ಮೈಸೂರು ರಿಂಗ್ ರೋಡಿಂದ ಆಚೆ ಇರೋ ಒಂದು ಗ್ರಾಮ ಪಂಚಾಯ್ತಿಲಿ ಎರಡು ಅವಧಿ ಮೆಂಬರ್ ಆಗಿದ್ದೋಳು, ಅಷ್ಟೆ. ನಾನು ಮೊದಲ್ನೇ ಸಲ ಗೆದ್ದಾಗ ನಮ್ಮ ಕಡೆ ರಾಗಿ, ಹುರುಳಿ, ಅವರೆ ಬೆಳೀತಿದ್ರು, ಎರಡನೇ ಅವಧಿ ಮುಗಿಯೋ ಹೊತ್ಗೆ ಅದೇ ಹೊಲದಲ್ಲಿ ಆರ್ಚು, ಸೆಕ್ಯೂರಿಟಿ ಗೂಡು, ಸೈಟ್ ಮಾರಾಟದ ಫ್ಲೆಕ್ಸು.

ಮೊದಲ್ನೇ ಲೇಔಟ್ ಬಂದಾಗ ನಾವು ಗಿಡದ ಬಗ್ಗೆ ಬರೆದಿದ್ದು ಒಂದೇ ಸಾಲು, "ಬಡಾವಣೆಯಲ್ಲಿ ಸಾಕಷ್ಟು ಗಿಡಗಳನ್ನು ನೆಡತಕ್ಕದ್ದು" ಅಂತ. ಅವರು ನೆಟ್ರು ಕಣ್ರೀ. ಜೂನ್ 5ಕ್ಕೆ ಶಾಮಿಯಾನ ಹಾಕ್ಸಿ, ನಮ್ಮ ಕೈಲೇ 200 ಗಿಡ ನೆಡ್ಸಿ, ಫೋಟೋ ಹೊಡ್ಸಿ, ಸ್ವೀಟ್ ಬಾಕ್ಸ್ ಕೊಟ್ಟು ಕಳ್ಸಿದ್ರು. ಶಿವರಾತ್ರಿ ಹೊತ್ಗೆ ಹೋಗಿ ನೋಡಿದ್ರೆ ಹದಿನೇಳೋ ಹದಿನೆಂಟೋ ಉಳಿದಿದ್ವು, ಮಿಕ್ಕಿದ್ದೆಲ್ಲ ಮೇಕೆ ಪಾಲು. ಕೇಳಿದ್ದಕ್ಕೆ ಅವರ ಮ್ಯಾನೇಜರ್ರು "ಮೇಡಂ, ನೆಡಿ ಅಂದ್ರಿ ನೆಟ್ವಿ, ಉಳಿಸಿ ಅಂತ ಎಲ್ಲಿ ಬರ್ದಿದೀರಿ?" ಅಂದ್ರು. ಸಿಟ್ಟು ಬಂತು, ಆದ್ರೆ ಅವರು ಹೇಳಿದ್ದು ಸರಿಯಾಗೇ ಇತ್ತು. ಅದೇ ಲೇಔಟಲ್ಲಿ ಮನೆ ಹನ್ನೆರಡು, ಬೀದಿ ದೀಪದ ಕಂಬ ನೂರಿಪ್ಪತ್ತು, ಕರೆಂಟ್ ಬಿಲ್ಲು ಪಂಚಾಯ್ತಿ ಹೆಸರಿಗೆ. ಆಮೇಲೆ ಬಂದ ಎರಡು ಲೇಔಟು, ಒಂದು ಅಪಾರ್ಟ್‌ಮೆಂಟಿಗೆ ನಾವು ಬೇರೆ ಥರ ಕೂತು ಮಾತಾಡಿದ್ವಿ. ಅದನ್ನೇ ಇಲ್ಲಿ ಬರೀತಿದೀನಿ. ಟೌನ್ ಪಂಚಾಯ್ತಿ, ನಗರಸಭೆ ವಾರ್ಡ್ ಮೆಂಬರ್‌ಗಳಿಗೂ ಹೆಚ್ಚು ಕಮ್ಮಿ ಇದೇ ದಾರಿ.

1. ಯಾರ ಕೈಲಿ ಯಾವ ಕೀಲಿ ಇದೆ ಅಂತ ಮೊದ್ಲು ತಿಳ್ಕೊಳ್ಳಿ

ಲೇಔಟ್ ಪ್ಲಾನ್ ಅಪ್ರೂವ್ ಮಾಡೋದು ಪಂಚಾಯ್ತಿ ಅಲ್ಲ. ಹೊಲ ಡಿ.ಸಿ. ಹತ್ರ ಕನ್ವರ್ಷನ್ ಆಗ್ಬೇಕು, ಅಂದ್ರೆ ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯ್ಸೋಕೆ ಅನುಮತಿ, ಅದು ಭೂ ಕಂದಾಯ ಕಾಯ್ದೆ 1964ರ ಸೆಕ್ಷನ್ 95. ಆಮೇಲೆ ನಕ್ಷೆ ಹೋಗೋದು ಪ್ಲಾನಿಂಗ್ ಪ್ರಾಧಿಕಾರಕ್ಕೆ, ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕೆಳಗೆ. ಮೈಸೂರು ಸುತ್ತ ಆದ್ರೆ ಮುಡಾ, ಈಗ ಅದರ ಹೆಸರು ಮೈಸೂರು ಅಭಿವೃದ್ಧಿ ಪ್ರಾಧಿಕಾರ ಅಂತ ಆಗಿದೆ, ನಮ್ಮ ಬಾಯಿಗೆ ಇನ್ನೂ ಮುಡಾನೇ. ಮಂಡ್ಯ ಸುತ್ತ ಆದ್ರೆ ಅಲ್ಲಿನ ಮುಡಾ, ಅದಕ್ಕೂ ಇದೇ ಹೆಸರು, ಪತ್ರ ಬರೆಯುವಾಗ ಊರ ಹೆಸರು ಪೂರ್ತಿ ಬರೀರಿ, ಒಂದ್ಸಲ ನಮ್ಮ ಪತ್ರ ಯಾವ ಟಪಾಲ್ ಸೆಕ್ಷನ್‌ನಲ್ಲಿ ಸುತ್ತಾಡ್ತೋ ದೇವರಿಗೇ ಗೊತ್ತು.

ಹಾಗಾದ್ರೆ ಪಂಚಾಯ್ತಿಗೇನಿದೆ? ಮೂರು ಕೀಲಿ ಇದೆ. ಒಂದು, ಪ್ರಾಧಿಕಾರ ಅಭಿಪ್ರಾಯ ಕೇಳ್ದಾಗ, ಕೇಳ್ದೇ ಇದ್ರೂ ನಾವೇ ಸಭೆ ನಿರ್ಣಯ ಮಾಡಿ ಕಳ್ಸೋ ಪತ್ರ. ಎರಡು, ರೋಡು, ಪಾರ್ಕು, ನೀರು, ಬೀದಿ ದೀಪ ಇವನ್ನ ನಾವು ವಹಿಸ್ಕೋಬೇಕಲ್ಲ, ಆ ಹಸ್ತಾಂತರ. ಮೂರು, ಇ-ಸ್ವತ್ತು ಖಾತೆ (ಪಂಚಾಯ್ತಿ ಆಸ್ತಿಯ ಆನ್‌ಲೈನ್ ದಾಖಲೆ), ಆಮೇಲೆ ಮನೆ ಕಟ್ಟೋಕೆ ಪಂಚಾಯತ್ ರಾಜ್ ಕಾಯ್ದೆ 1993ರ ಸೆಕ್ಷನ್ 64ರಲ್ಲಿ ಕೊಡೋ ಲೈಸೆನ್ಸು. ಇದ್ರಲ್ಲಿ ಡೆವಲಪರ್‌ಗೆ ನಿಜವಾಗಿ ಬಿಸಿ ಮುಟ್ಟೋದು ಸೈಟ್ ರಿಲೀಸ್ ಟೈಮಲ್ಲಿ. ಪ್ರಾಧಿಕಾರ ಸೈಟುಗಳನ್ನ ಹಂತ ಹಂತವಾಗಿ ಬಿಡುಗಡೆ ಮಾಡುತ್ತೆ, ಕೆಲಸ ಆದಷ್ಟು ಸೈಟು. ಕೊನೇ ಹಂತದ ಸೈಟು ಕೈಗೆ ಸಿಗೋವರೆಗೂ ಅವರು ಫೋನ್ ಎತ್ತುತಾರೆ. ಸಿಕ್ಕಿದ್ಮೇಲೆ ನಂಬರ್ರೇ ಚೇಂಜು. ಆದ್ರಿಂದ ನೀವು ಹಾಕ್ಸೋ ಪ್ರತಿ ಷರತ್ತಿಗೂ ಒಂದು ಬಾಲ ಇರ್ಲಿ: ಇದು ಆಗೋವರೆಗೂ ಇಂತಾ ಹಂತದ ಸೈಟು ಬಿಡಬಾರದು, ಅಂತ. ಈ ಬಾಲ ಇಲ್ದೇ ಇರೋ ಷರತ್ತು ಬರೀ ಕಾಗದ.

2. ನಕ್ಷೆ ಬಂದ ವಾರದಲ್ಲೇ ಹೊಲಕ್ಕೆ ಹೋಗಿ

ಆಫೀಸಲ್ಲಿ ಕೂತು ನಕ್ಷೆ ನೋಡಿದ್ರೆ ಎಲ್ಲಾ ಹಸಿರಾಗೇ ಕಾಣುತ್ತೆ, ಪಾರ್ಕಿಗೆ ಹಸಿರು ಬಣ್ಣ ತುಂಬಿರ್ತಾರಲ್ಲ. ಫೋನಲ್ಲಿ ದಿಶಾಂಕ್ ಆಪ್ ಹಾಕೊಳ್ಳಿ, ನಿಂತ ಜಾಗದ ಸರ್ವೆ ನಂಬರ್ ತೋರ್ಸುತ್ತೆ. ಹಳೇ ಗ್ರಾಮ ನಕ್ಷೆ ಒಂದು ಕಾಪಿ, ಜೊತೆಗೆ ಊರಿನ ಒಬ್ಬ ಹಿರಿಯರು, ಯಾವ ಕಾಲುವೆ ಎಲ್ಲಿ ಹರೀತಿತ್ತು ಅಂತ ಹೇಳೋಕೆ. ನಮ್ಮ ಮೈಸೂರು ಪಶ್ಚಿಮದ ಕಡೆ ಪೂರ್ಣಯ್ಯ ನಾಲೆ ಲೇಔಟುಗಳ ಮಧ್ಯೆ ಎಲ್ಲೆಲ್ಲಿ ಮಾಯ ಆಗಿದೆ ಅಂತ ನೋಡಿದ್ರೆ ಗೊತ್ತಾಗುತ್ತೆ ಇದು ಯಾಕೆ ಮುಖ್ಯ ಅಂತ. ಕೆರೆ ಕೆಳಗಿನ ಜಾಗ ಆದ್ರೆ ಇನ್ನೂ ಹುಷಾರು.

ಹೋದಾಗ ಮಾಡ್ಬೇಕಾದ್ದು ಎರಡು. ಪಾರ್ಕ್ ಅಂತ ತೋರ್ಸಿರೋ ಜಾಗದಲ್ಲಿ ನಿಂತ್ಕೊಂಡು ಮೇಲೆ ನೋಡಿ, ಕೆಳಗೆ ನೋಡಿ. ಮೇಲೆ ಹೈಟೆನ್ಷನ್ ಲೈನ್ ಇದ್ಯಾ? ಕೆಳಗೆ ಹಳ್ಳದ ಬಫರ್ರಾ? ಅಥ್ವಾ ಸೈಟು ಮಾಡೋಕಾಗ್ದೇ ಉಳಿದ ಮೂರು ಮೂಲೆ ತುಂಡಾ? ಕಾನೂನಿನ ಲೆಕ್ಕಕ್ಕೆ ಪಾರ್ಕಿನ ಶೇಕಡಾವಾರು ತುಂಬುತ್ತೆ, ಆದ್ರೆ ಲೈನ್ ಕೆಳಗೆ ದೊಡ್ಡ ಮರ ಬೆಳೆಸೋಕಾಗಲ್ಲ, ಮೂಲೆ ತುಂಡಲ್ಲಿ ಮಕ್ಕಳು ಆಡೋಕಾಗಲ್ಲ. ಪಾರ್ಕಿನ ಅಳತೆಗಿಂತ ಪಾರ್ಕಿನ ಜಾಗಕ್ಕೆ ಜಗಳ ಆಡಿ, ಇದು ನನ್ನ ಖಡಕ್ ಅಭಿಪ್ರಾಯ. ನಕ್ಷೆ ಪ್ರಾಧಿಕಾರದಲ್ಲಿ ಇರುವಾಗ ಪಾರ್ಕ್ ಈ ಕಡೆಯಿಂದ ಆ ಕಡೆಗೆ ಹೋಗೋದು ಡ್ರಾಫ್ಟ್ಸ್‌ಮನ್‌ಗೆ ಅರ್ಧ ದಿನದ ಕೆಲ್ಸ, ಅಪ್ರೂವ್ ಆದ್ಮೇಲೆ ಬ್ರಹ್ಮ ಬಂದ್ರೂ ಕಷ್ಟ.

ಎರಡನೇದು, ಈಗ ಇರೋ ಮರ ಎಣಿಸೋದು. ಹುಣಸೆ, ಬೇವು, ಹೊಂಗೆ, ಬದುವಿನ ಮೇಲಿನ ನೇರಳೆ, ಯಾವುದೇ ಇರ್ಲಿ, ಎದೆ ಎತ್ತರದಲ್ಲಿ ಸುತ್ತಳತೆ ಹಿಡಿದು, ಬಣ್ಣದಲ್ಲಿ ನಂಬರ್ ಬರೆದು, ಲೊಕೇಷನ್ ಆನ್ ಇಟ್ಕೊಂಡು ಫೋಟೋ. ಮರ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಖಾಸಗಿ ಜಾಗದ ಮರಕ್ಕೂ ಟ್ರೀ ಆಫೀಸರ್ ಪರ್ಮಿಷನ್ ಬೇಕು, ಕೆಲವು ಜಾತಿಗೆ ವಿನಾಯಿತಿ ಬಿಟ್ರೆ. 50ಕ್ಕಿಂತ ಜಾಸ್ತಿ ಮರ ಅಂದ್ರೆ ಸಾರ್ವಜನಿಕರ ಆಕ್ಷೇಪಣೆ ಕರೀಬೇಕು. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆ ಅಗಲ ಮಾಡೋಕೆ 40 ಮರ ಉರುಳಿಸಿದಾಗ ಮೈಸೂರಲ್ಲಿ ಎಷ್ಟು ಗಲಾಟೆ ಆಯ್ತು ನೆನಪಿದ್ಯಲ್ಲ, ಮರ ಬಿದ್ದ ಮೇಲೆ ಎಷ್ಟು ಕೂಗಿದ್ರೂ ಅದು ಎದ್ದು ನಿಲ್ಲಲ್ಲ. ಜೆಸಿಬಿ ಬರೋಕೆ ಮುಂಚೆ ನಿಮ್ಮ ಹತ್ರ ಲಿಸ್ಟ್ ಇದ್ರೆ "ಇಲ್ಲಿ ಮರಾನೇ ಇರ್ಲಿಲ್ಲ ಸಾರ್" ಅನ್ನೋ ಮಾತು ಬರಲ್ಲ. ಹಳೇ ಮರ ಇರೋ ಜಾಗಕ್ಕೇ ಪಾರ್ಕು ತರ್ಸಿ, ಒಂದೇ ಏಟಿಗೆ ಎರಡೂ ಉಳಿಯುತ್ತೆ. ನಮ್ಮಲ್ಲಿ ಒಂದು ದೊಡ್ಡ ಹುಣಸೇ ಮರ ಹಾಗೇ ಉಳೀತು, ಈಗ ಅದೇ ಲೇಔಟಿನ ಬ್ರೋಷರ್ ಮುಖಪುಟ!

3. ಕಾನೂನಲ್ಲೇ ಇರೋದನ್ನ ಕೇಳಿ ಸುಸ್ತಾಗ್ಬೇಡಿ

ಒಂದು ಹಾಳೆ ಮಧ್ಯ ಗೆರೆ ಎಳೀರಿ. ಎಡಗಡೆ ಕಾನೂನು ಕೊಟ್ಟೇ ಕೊಡ್ಸುತ್ತೆ ಅನ್ನೋದು, ಬಲಗಡೆ ಕೇಳಿ ತಗೋಬೇಕಾದ್ದು. ನಾವು ಮೊದಲ ಸಲ ಎಡಗಡೆದಕ್ಕೇ ಎರಡು ಮೀಟಿಂಗ್ ಕಳೆದ್ವಿ, ಅವರು ತಲೆ ಆಡ್ಸಿ ಆಡ್ಸಿ "ಒಪ್ಪಿದೀವಿ ಅಧ್ಯಕ್ಷ್ರೇ" ಅಂದ್ರು, ನಮಗೆ ಗೆದ್ದಂಗೆ ಅನ್ನಿಸ್ತು. ಏನೂ ಗೆದ್ದಿರ್ಲಿಲ್ಲ.

ಎಡಗಡೆ ಬರೋದು: ಪಾರ್ಕು ಮತ್ತು ಸಿ.ಎ. ಸೈಟಿಗೆ (ಶಾಲೆ, ಆಸ್ಪತ್ರೆ ಥರದ ನಾಗರಿಕ ಸೌಲಭ್ಯದ ಜಾಗ) ಬಿಡಬೇಕಾದ ಪಾಲು, ಮಾಸ್ಟರ್ ಪ್ಲಾನಿನ ವಲಯ ನಿಯಮದಲ್ಲಿ ಸಿಗುತ್ತೆ. ಪಾರ್ಕನ್ನ ಬೇರೆಯದಕ್ಕೆ ಬಳಸೋ ಹಾಗಿಲ್ಲ, ಅದಕ್ಕೆ 1985ರ ಉದ್ಯಾನವನ, ಆಟದ ಬಯಲು ಕಾಯ್ದೆ ಇದೆ, ಜೊತೆಗೆ ಬೆಂಗಳೂರಲ್ಲಿ ಪಾರ್ಕ್ ಜಾಗವನ್ನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನ ಸುಪ್ರೀಂ ಕೋರ್ಟ್ 1991ರಲ್ಲೇ ಒಪ್ಪಲಿಲ್ಲ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದ್ರೆ 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಎನ್ವಿರಾನ್‌ಮೆಂಟ್ ಕ್ಲಿಯರೆನ್ಸ್ ಬೇಕು, ಆ ಪತ್ರದಲ್ಲಿ ಸಾಮಾನ್ಯವಾಗಿ 80 ಚದರ ಮೀಟರ್ ಜಾಗಕ್ಕೆ ಒಂದು ಮರ ಅನ್ನೋ ಥರದ ಷರತ್ತು ಬಂದಿರುತ್ತೆ, ಅದರ ಕಾಪಿ ಕೇಳಿ ಇಸ್ಕೊಳ್ಳಿ. ಕಮರ್ಷಿಯಲ್ ಕಟ್ಟಡ, 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಲೋಡ್ ಇದ್ರೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಅಂದ್ರೆ ಇಸಿಬಿಸಿ. ರಾಜ್ಯದಲ್ಲಿ ಇದರ ನೋಡಲ್ ಸಂಸ್ಥೆ ಕ್ರೆಡೆಲ್, ಅಂದ್ರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ.

ಬಲಗಡೆ ಬರೋದು ನಿಜವಾದ ಆಟ: ರೋಡ್ ಪಕ್ಕದ ಮರ, ಅದರ ಜಾತಿ, ನೀರು, 3 ವರ್ಷದ ಸಾಕಣೆ, ಬೀದಿ ದೀಪದ ವ್ಯಾಟು, ಸೋಲಾರು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ನೀರು ಪಾರ್ಕಿಗೆ ಬರೋ ಪೈಪು.

4. ಹಸಿರಿನ ಷರತ್ತು

ಮೊದಲು ಕೇಳ್ಬೇಕಾದ್ದು ಗಿಡ ಅಲ್ಲ, ರಸ್ತೆಯ ಅಡ್ಡ ಸೀಳು ನಕ್ಷೆ. ಒಂದು 40 ಅಡಿ ರೋಡನ್ನ ಚಾಕುನಲ್ಲಿ ಕೊಯ್ದಂಗೆ ತೋರ್ಸೋ ಚಿತ್ರ, ಅದರಲ್ಲಿ ಯುಜಿಡಿ (ಒಳಚರಂಡಿ) ಪೈಪ್ ಎಲ್ಲಿ, ನೀರಿನ ಪೈಪ್ ಎಲ್ಲಿ, ಚರಂಡಿ, ಕೆಇಬಿ ಕಂಬ, ಮರ ಎಲ್ಲಿ, ಎಲ್ಲಾ ಒಂದೇ ಹಾಳೇಲಿ ಇರ್ಬೇಕು. ಈ ಚಿತ್ರ ಇಲ್ದೇ ಇದ್ರೆ ಏನಾಗುತ್ತೆ ಅಂದ್ರೆ ಕಂಬದ ಕೆಳಗೇ ಹೊಂಗೆ ನೆಡ್ತಾರೆ, ಆರು ವರ್ಷ ಆದ್ಮೇಲೆ ಸೆಸ್ಕ್ (ನಮ್ಮ ಕಡೆ ಕರೆಂಟ್ ಕಂಪನಿ) ಲೈನ್‌ಮನ್ ಬಂದು ಅರ್ಧ ತಲೆ ಬೋಳಿಸಿ ಹೋಗ್ತಾರೆ, ಅವರ ತಪ್ಪೇನೂ ಇಲ್ಲ ಅದ್ರಲ್ಲಿ. ಕಂಬ ಒಂದು ಬದಿ, ದೊಡ್ಡ ಮರ ಇನ್ನೊಂದು ಬದಿ, ಕಂಬದ ಬದೀಲಿ ಬೇಕಿದ್ರೆ ಬಸವನಪಾದ, ಕಕ್ಕೆ ಥರ ಚಿಕ್ಕವು. ಅಂಡರ್‌ಗ್ರೌಂಡ್ ಕೇಬಲ್ ಹಾಕ್ತೀವಿ ಅಂದ್ರೆ ಎರಡೂ ಬದಿ ಸಿಗುತ್ತೆ. ದೊಡ್ಡ ಮರಕ್ಕೆ 8ರಿಂದ 10 ಮೀಟರ್ ಅಂತರ, ಚಿಕ್ಕದಕ್ಕೆ 5ರಿಂದ 6.

ಜಾತಿ ವಿಷಯಕ್ಕೆ ಬನ್ನಿ. ಲ್ಯಾಂಡ್‌ಸ್ಕೇಪ್ ಕಾಂಟ್ರಾಕ್ಟರ್ ಕೈಗೆ ಬಿಟ್ರೆ ಸಾಲು ಸಾಲು ಪಾಮ್, ಅಥ್ವಾ ಬೇಗ ಬೆಳೆಯುತ್ತೆ ಅಂತ ಕೋನೊಕಾರ್ಪಸ್. ಪಾಮ್ ನೆರಳು ಕೊಡಲ್ಲ, ಕೋನೊಕಾರ್ಪಸ್ಸನ್ನ ಗುಜರಾತಲ್ಲಿ 2023ರಲ್ಲಿ ಬ್ಯಾನೇ ಮಾಡಿದ್ರು. ಗುಲ್‌ಮೊಹರ್ ಚಂದ, ಆದ್ರೆ ಏಪ್ರಿಲ್ ಮೇ ಗಾಳಿ ಮಳೆಗೆ ಕೊಂಬೆ ಕಾರಿನ ಮೇಲೆ ಬೀಳೋದು ಅದೇ. ನಮ್ಮ ಮೈಸೂರು ಕಡೆ ಕೆಂಪು ಮಣ್ಣಿಗೆ ಹೊಂಗೆ, ಬೇವು, ನೇರಳೆ, ಸಂಪಿಗೆ, ತಪಸಿ ಸಾಕು. ಮಂಡ್ಯ ಕಡೆ ವಿ.ಸಿ. ನಾಲೆ ಬಯಲಲ್ಲಿ ಗದ್ದೆ ಮುಚ್ಚಿ ಮಾಡಿದ ಲೇಔಟ್ ಆದ್ರೆ ಲೆಕ್ಕ ಬೇರೆ, ಕೆಳಗೆ ನೀರು ನಿಲ್ಲುತ್ತೆ, ಬೇವು ಕೊಳೆಯುತ್ತೆ, ಅಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆ. ಗದ್ದೆ ಮುಚ್ಚೋಕೆ ಕಟ್ಟಡದ ಡೆಬ್ರಿಸ್ ತಂದು ಸುರಿದಿರ್ತಾರೆ, ಆದ್ರಿಂದ 3 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಕೆರೆ ಗೋಡು, ಕೊಟ್ಟಿಗೆ ಗೊಬ್ಬರ ತುಂಬಬೇಕು ಅಂತ ಬರೆಸಿ. ಸಸಿ ಕಮ್ಮಿ ಅಂದ್ರೂ 6 ಅಡಿ, ಟ್ರೀ ಗಾರ್ಡ್ ಜೊತೆಗೆ. ಮೇಕೆಗೆ ಲೇಔಟ್ ಪ್ಲಾನ್ ಗೊತ್ತಿರಲ್ಲ.

ನೀರಿನ ಲೆಕ್ಕ ಡೆವಲಪರ್ ಮುಂದೇನೇ ಹಾಕಿ, ಕೆಲಸ ಮಾಡುತ್ತೆ. 240 ಗಿಡ, ವಾರಕ್ಕೆರಡು ಸಲ, ಸಲಕ್ಕೆ 20 ಲೀಟರ್, ಡಿಸೆಂಬರಿಂದ ಮೇವರೆಗೆ 26 ವಾರ: ಸುಮಾರು 2.5 ಲಕ್ಷ ಲೀಟರ್. 5,000 ಲೀಟರ್ ಟ್ಯಾಂಕರ್ ಆದ್ರೆ ಇಡೀ ಬೇಸಿಗೆಗೆ 50 ಲೋಡು. ಅದೇ ಎಂಟ್ರೆನ್ಸಲ್ಲಿ 1,000 ಚದರ ಮೀಟರ್ ಲಾನ್ ಮಾಡಿದ್ರೆ, ಬಿರು ಬೇಸಿಗೇಲಿ ಚದರ ಮೀಟರ್‌ಗೆ ದಿನಕ್ಕೆ 4-5 ಲೀಟರ್ ಬೇಕು, ಅಂದ್ರೆ ದಿನಾ ಒಂದು ಟ್ಯಾಂಕರ್. ಇದನ್ನ ಹೇಳಿದಾಗ ನಮ್ಮ ಎರಡನೇ ಡೆವಲಪರ್ರೇ "ಲಾನ್ ಅರ್ಧ ಮಾಡೋಣ ಬುಡಿ" ಅಂದ್ರು. ಎಸ್‌ಟಿಪಿ ಇರೋ ಕಡೆ ಶುದ್ಧ ಮಾಡಿದ ನೀರು ಪಾರ್ಕಿಗೂ ರೋಡ್ ಮರಕ್ಕೂ ಬರೋ ಬೇರೆ ಪೈಪ್ ಲೈನ್ ಈಗ್ಲೇ ಹಾಕ್ಸಿ, ಡಾಂಬರು ಆದ್ಮೇಲೆ ಯಾರೂ ಅಗೆಯಲ್ಲ.

5. ಕರೆಂಟಿನ ಷರತ್ತು

ಏಷ್ಯಾದಲ್ಲೇ ಮೊದಮೊದಲು ಕರೆಂಟ್ ಹುಟ್ಟಿದ ಜಾಗಗಳಲ್ಲಿ ಒಂದಾದ ಶಿವನಸಮುದ್ರ ನಮ್ಮ ಪಕ್ಕದಲ್ಲೇ ಮಂಡ್ಯ ಜಿಲ್ಲೇಲಿ ಇದೆ, 1902ರಿಂದ. ಆದ್ರೂ ಪಂಚಾಯ್ತಿ ಮೀಟಿಂಗಲ್ಲಿ ಕರೆಂಟ್ ಅಂದ್ರೆ "ಲೈಟ್ ಹಾಕ್ಸಿ" ಅನ್ನೋದು ಬಿಟ್ಟು ಮುಂದಕ್ಕೆ ಮಾತೇ ಹೋಗಲ್ಲ.

ಬೀದಿ ದೀಪದಿಂದ ಶುರು ಮಾಡಿ, ಯಾಕಂದ್ರೆ ಹಸ್ತಾಂತರ ಆದ ದಿನ ಆ ಆರ್‌ಆರ್ ನಂಬರ್, ಅಂದ್ರೆ ಕರೆಂಟ್ ಕನೆಕ್ಷನ್ ನಂಬರ್, ನಿಮ್ಮ ತಲೆಗೆ ಬರುತ್ತೆ. 120 ಕಂಬ, 90 ವ್ಯಾಟ್ ದೀಪ, ರಾತ್ರಿ ಹನ್ನೊಂದೂವರೆ ಗಂಟೆ ಉರಿದ್ರೆ ವರ್ಷಕ್ಕೆ 45,000 ಯೂನಿಟ್ ಚಿಲ್ಲರೆ. ಅದೇ ಕಂಬಕ್ಕೆ 40 ವ್ಯಾಟ್ ಎಲ್‌ಇಡಿ ಆದ್ರೆ 20,000. ಲೇಔಟ್ ಒಳಗಿನ 30-40 ಅಡಿ ರೋಡಿಗೆ 90 ವ್ಯಾಟ್ ಯಾಕೆ? ಸೈಟ್ ನೋಡೋಕೆ ಸಂಜೆ ಬಂದೋರಿಗೆ ಝಗಮಗ ಕಾಣ್ಲಿ ಅಂತ, ಇನ್ನೇನಿಲ್ಲ. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಅರ್ಧ ಬೆಳಕಿಗೆ ಇಳಿಸೋ ಡಿಮ್ಮಿಂಗ್ ಇದ್ರೆ ಅದ್ರಲ್ಲೂ ಕಾಲು ಭಾಗ ಉಳಿಯುತ್ತೆ. ಟೈಮರ್ ಕೈಯಲ್ಲಿ ತಿರುಗ್ಸೋದು ಬೇಡ, ಸೂರ್ಯ ಮುಳುಗೋ ಹೊತ್ತಿನ ಲೆಕ್ಕ ತಾನೇ ಇಟ್ಕೊಳ್ಳೋ ಆಸ್ಟ್ರೋ ಟೈಮರ್ ಕೇಳಿ. ಇನ್ನೊಂದು, ಮನೆ ಬಂದ ಬೀದಿಗೆ ಮಾತ್ರ ದೀಪ ಆನ್ ಆಗೋ ಹಾಗೆ ಬೀದಿ ಬೀದಿಗೆ ಬೇರೆ ಸ್ವಿಚ್. ನಮ್ಮ ಮೊದಲ್ನೇ ಲೇಔಟಲ್ಲಿ ಎಲ್ಲಾ ಒಂದೇ ಸ್ವಿಚ್ಚು, ಹನ್ನೆರಡು ಮನೆಗೋಸ್ಕರ ಖಾಲಿ ಸೈಟೆಲ್ಲ ಮದುವೆ ಮನೆ ಥರ ಹೊಳೀತಿತ್ತು. ಮನೆ ಅರ್ಧ ತುಂಬೋವರೆಗೂ ಬೀದಿ ದೀಪದ ಬಿಲ್ ಡೆವಲಪರ್ರೇ ಕಟ್ಬೇಕು ಅಂತ ಷರತ್ತು ಹಾಕಿ, ಆಗ ನೋಡಿ ಅವರೇ 30 ವ್ಯಾಟ್ ದೀಪ ಹುಡುಕ್ಕೊಂಡು ಬರ್ತಾರೆ!

ಸೋಲಾರಿಗೆ: 1 ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ, ನಮ್ಮ ಕಡೆ ದಿನಕ್ಕೆ ಸರಾಸರಿ 4 ಯೂನಿಟ್. ಮೇಲಿನ 20,000 ಯೂನಿಟ್ ಸರಿದೂಗ್ಸೋಕೆ 14 ಕಿಲೋವ್ಯಾಟ್, ಹತ್ರ ಹತ್ರ 1,400 ಚದರ ಅಡಿ. ಕ್ಲಬ್ ಹೌಸ್ ಚಾವಣಿ, ಪಂಪ್ ಹೌಸ್ ಚಾವಣಿ ಎರಡೂ ಸೇರಿದ್ರೆ ಆಯ್ತು. ಕಂಬಕ್ಕೊಂದು ಬ್ಯಾಟರಿ ಇರೋ ಸೋಲಾರ್ ಬೀದಿ ದೀಪ ಕೊಡ್ತೀವಿ ಅಂತ ಬಂದ್ರೆ ಬೇಡ ಅನ್ನಿ. ಬ್ಯಾಟರಿ ಕೆಲವೇ ವರ್ಷಕ್ಕೆ ಸಾಯುತ್ತೆ ಇಲ್ಲ ಕಳ್ಳತನ ಆಗುತ್ತೆ, ಬದಲಾಯ್ಸೋಕೆ ಪಂಚಾಯ್ತಿಲಿ ದುಡ್ಡಿರಲ್ಲ, ಎಷ್ಟೋ ಊರಲ್ಲಿ ಆ ಕಂಬ ಈಗ ಬ್ಯಾನರ್ ಕಟ್ಟೋಕೆ ಮಾತ್ರ.

ಅಪಾರ್ಟ್‌ಮೆಂಟ್ ಆದ್ರೆ ಕೇಂದ್ರದ ಚಾವಣಿ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್ ಬಗ್ಗೆ ಡೆವಲಪರ್‌ಗೆ ನೀವೇ ಹೇಳಿ. 2024ರಲ್ಲಿ ಬಂದಿದ್ದು, ನಿವಾಸಿಗಳ ಸಂಘ ಕಾಮನ್ ಏರಿಯಾಗೆ ಹಾಕ್ಸಿದ್ರೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ, ಒಬ್ಬೊಬ್ಬರ ಮನೆಗೆ ಆದ್ರೆ 3 ಕಿಲೋವ್ಯಾಟಿಗೆ 78,000. ಸಬ್ಸಿಡಿ ಡೆವಲಪರ್‌ಗೆ ಅಲ್ಲ, ಸಂಘಕ್ಕೆ. ಆದ್ರಿಂದ ಅವರತ್ರ ಕೇಳ್ಬೇಕಾದ್ದು ಪ್ಯಾನಲ್ ಅಲ್ಲ, ತಯಾರಿ: ಚಾವಣಿಲಿ ನೆರಳು ಬೀಳದ ಇಷ್ಟು ಜಾಗ ಖಾಲಿ, ಟ್ಯಾಂಕು ಲಿಫ್ಟ್ ರೂಮು ಉತ್ತರಕ್ಕೆ, ಮೇಲಿಂದ ಮೀಟರ್ ರೂಮಿಗೆ ಖಾಲಿ ಪೈಪು. ಇವಿ ಚಾರ್ಜಿಂಗಿಗೂ ಹಂಗೇ, ಕೇಂದ್ರದ ಮಾದರಿ ಬೈಲಾದಲ್ಲಿ 2019ರಿಂದ ಪಾರ್ಕಿಂಗಿನ ಶೇ. 20ಕ್ಕೆ ವ್ಯವಸ್ಥೆ ಅಂತ ಇದೆ, ಅದನ್ನ ತೋರ್ಸಿ ಕೇಳಿ.

ಕಟ್ಟಡದ ಬಿಸಿ ಬಗ್ಗೆ: 2018ರ ಇಕೋ ನಿವಾಸ್ ಸಂಹಿತೆ ಅಂತ ಒಂದಿದೆ, ಮನೆಗಳಿಗೆ. ಗೋಡೆ ಕಿಟಕಿ ಮೂಲಕ ಒಳಗೆ ಬರೋ ಶಾಖ ಚದರ ಮೀಟರ್‌ಗೆ 15 ವ್ಯಾಟ್ ಮೀರಬಾರದು, ಚಾವಣಿಯ ಯು-ವ್ಯಾಲ್ಯೂ (ಶಾಖ ಎಷ್ಟು ಸಲೀಸಾಗಿ ದಾಟುತ್ತೆ ಅನ್ನೋ ಅಳತೆ) 1.2 ದಾಟಬಾರದು. ನೀವು ಲೆಕ್ಕ ಮಾಡೋಕೆ ಹೋಗ್ಬೇಡಿ. ಅವರ ಆರ್ಕಿಟೆಕ್ಟ್ ಸಹಿ ಹಾಕಿದ ಲೆಕ್ಕದ ಹಾಳೆ ಕೊಡ್ಲಿ ಅನ್ನಿ, ಅಷ್ಟು ಸಾಕು. ಬರೀ ಮೋಲ್ಡಿಂಗ್ ಹಾಕಿ ಬಿಟ್ಟ ಚಾವಣಿ ಈ ಲೆಕ್ಕದಲ್ಲಿ ಪಾಸ್ ಆಗಲ್ಲ, ಮೇಲೆ ಏನಾದ್ರೂ ಇನ್ಸುಲೇಷನ್ ಹಾಕ್ಲೇಬೇಕಾಗುತ್ತೆ. ಮೇಲ್ಗಡೆ ಮನೆಯೋರು ಮಾರ್ಚಲ್ಲಿ ನಿಮ್ಮನ್ನ ನೆನೆಸ್ಕೊಳ್ತಾರೆ.

ಮರಕ್ಕೂ ಸೋಲಾರಿಗೂ ಜಗಳ ಬರುತ್ತೆ, ಇದನ್ನ ಯಾರೂ ಮೊದಲೇ ಯೋಚ್ನೆ ಮಾಡಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನಲ್ಲ, ಮನೆಯ ದಕ್ಷಿಣಕ್ಕೆ ದೊಡ್ಡ ಮರ ಇದ್ರೆ ವಾಟರ್ ಹೀಟರ್‌ಗೆ ನೆರಳು, ಹತ್ತು ವರ್ಷಕ್ಕೆ ಮರ ಕಡೀಬೇಕು ಅಂತ ಅರ್ಜಿ. ದೊಡ್ಡ ಮರ ಪಡುವಣ ದಿಕ್ಕಿಗೆ ಬರ್ಲಿ, ಮಧ್ಯಾಹ್ನ ಮೇಲಿನ ಬಿಸ್ಲು ಗೋಡೆಗೆ ಬೀಳಲ್ಲ. ತಮಾಷೆ ಅಂದ್ರೆ ಪೂರ್ವ ದಿಕ್ಕಿನ 30-40 ಸೈಟಿಗೆ ವಾಸ್ತು ಅಂತ ರೇಟು ಜಾಸ್ತಿ ಕೊಡ್ತೀವಲ್ಲ, ಅದ್ರಲ್ಲಿ ಉದ್ದ ಗೋಡೆ ಉತ್ತರ ದಕ್ಷಿಣಕ್ಕೆ ಬರುತ್ತೆ, ಬಿಸಿಲಿನ ಲೆಕ್ಕದಲ್ಲೂ ಅದೇ ಒಳ್ಳೇದು. ವಾಸ್ತು ನಂಬದೇ ಇರೋ ನಾನೂ ಮೀಟಿಂಗಲ್ಲಿ ಇದನ್ನ ಬಳಸ್ಕೊಂಡೆ.

6. ಟೇಬಲ್ ಮುಂದೆ ಕೂತಾಗ

ಅಧ್ಯಕ್ಷರು ಒಬ್ಬರೇ ಹೋಗೋ ಮೀಟಿಂಗ್ ಬೇಡ, ಹೋಟ್ಲಲ್ಲಿ ಮೀಟಿಂಗ್ ಅಂತೂ ಬೇಡ್ವೇ ಬೇಡ. ಪಂಚಾಯ್ತಿ ಆಫೀಸಲ್ಲಿ, ಪಿಡಿಒ ಇದ್ದು, ಕನಿಷ್ಠ ಮೂರು ಮೆಂಬರು, ನಡಾವಳಿ ಬರೆಯೋಕೆ ಒಬ್ಬರು. ಸೆಸ್ಕ್ ಸೆಕ್ಷನ್ ಆಫೀಸರ್ರು, ಅರಣ್ಯ ಇಲಾಖೆಯೋರು ಒಂದ್ಸಲ ಬಂದು ಕೂತ್ರೆ ಮಾತಿನ ತೂಕವೇ ಬೇರೆ. "ಊರ ದೇವಸ್ಥಾನಕ್ಕೆ ಐದು ಲಕ್ಷ ಕೊಡ್ತೀವಿ, ಇದೆಲ್ಲ ಯಾಕೆ" ಅನ್ನೋ ಮಾತು ಬಂದೇ ಬರುತ್ತೆ. ನಗ್ತಾ "ದೇವಸ್ಥಾನಕ್ಕೆ ಆಮೇಲೆ ಕೊಡಿ ಸಾರ್, ಇದಕ್ಕೂ ಅದಕ್ಕೂ ಸೇರಿಸ್ಬೇಡಿ" ಅನ್ನಿ. ಷರತ್ತಿನ ಬದಲು ನಗದು ತಗೊಂಡ್ರೆ ಅದು ಯಾವ ದಿಕ್ಕಿಂದ ನೋಡಿದ್ರೂ ಲಂಚದ ಥರಾನೇ ಕಾಣೋದು, ಲೋಕಾಯುಕ್ತಕ್ಕೆ ಅರ್ಜಿ ಹೋದ್ರೆ ನೀವೇ ಸಿಕ್ಕಾಕೊಳ್ಳೋದು.

ಬಿಟ್ಟು ಕೊಡಬಾರದ್ದು ಮೂರನ್ನ ಮೊದಲೇ ನಿಮ್ಮೊಳಗೆ ಒಪ್ಕೊಂಡು ಹೋಗಿ. ನಮ್ಮದು: ಪಾರ್ಕಿನ ಜಾಗ, ಮರದ 3 ವರ್ಷ ಸಾಕಣೆ, ಬೀದಿ ದೀಪದ ವ್ಯಾಟು. ಮಿಕ್ಕಿದ್ದು ಕೊಟ್ಟು ತಗೊಳ್ಳೋ ಸರಕು. ಅವರಿಗೆ ಬೇಕಾಗಿರೋದು ಹಣಕ್ಕಿಂತ ಟೈಮು, ಬ್ಯಾಂಕ್ ಬಡ್ಡಿ ಓಡ್ತಿರುತ್ತೆ. ನೀವು ಕೊಡಬಹುದಾದ್ದು ಅದೇ: "ನಾವು ಕೇಳಿದ ಕಾಗದ ಎಲ್ಲಾ ಕೊಟ್ರೆ ಮುಂದಿನ ಸಾಮಾನ್ಯ ಸಭೇಲೇ ವಿಷಯ ಇಡ್ತೀವಿ, ತಳ್ಳಲ್ಲ." ಕೊಟ್ಟ ಮಾತು ಉಳಿಸ್ಕೊಳ್ಳಿ ಮತ್ತೆ. ನಮ್ಮ ಮೂರನೇ ಪ್ರಾಜೆಕ್ಟಲ್ಲಿ ಅವರು 90 ವ್ಯಾಟ್ ದೀಪ ಆಗ್ಲೇ ಖರೀದಿ ಮಾಡ್ಬಿಟ್ಟಿದ್ರು, ಹಿಡಿದು ಜಗ್ಗಿದ್ವಿ, ಕೊನೆಗೆ ಮೇನ್ ರೋಡಿನ 18 ಕಂಬಕ್ಕೆ ಅದನ್ನೇ ಹಾಕಿ ಒಳಗಿನದಕ್ಕೆ 40 ಅಂತ ಮುಗೀತು.

7. ಬರೆಯೋದು

ಮಾತಾಡಿದ್ದು ಮಾತಲ್ಲೇ ಹೋಗುತ್ತೆ. ಪ್ರತಿ ಷರತ್ತಲ್ಲೂ ಎಷ್ಟು, ಎಲ್ಲಿ, ಯಾವಾಗ, ಆಗ್ದಿದ್ರೆ ಏನು, ಈ ನಾಲ್ಕು ಇದ್ಯಾ ನೋಡಿ. ನಾವು ಎರಡನೇ ಸಲ ಬರೆದಿದ್ದು ಹೀಗಿತ್ತು, ಬೇಕಿದ್ರೆ ಕಾಪಿ ಮಾಡ್ಕೊಳ್ಳಿ:

"ಅನುಬಂಧ 2ರ ನಕ್ಷೆಯಲ್ಲಿ ಗುರುತಿಸಿರುವ 240 ಸ್ಥಳಗಳಲ್ಲಿ, ಪಟ್ಟಿಯಲ್ಲಿರುವ ಜಾತಿಯ, ಕನಿಷ್ಠ 6 ಅಡಿ ಎತ್ತರದ ಸಸಿಗಳನ್ನು ಮೊದಲ ಮುಂಗಾರಿನಲ್ಲಿ ನೆಟ್ಟು, 3 ವರ್ಷ ನೀರು ಹಾಗೂ ರಕ್ಷಣೆ ಒದಗಿಸತಕ್ಕದ್ದು. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಜಂಟಿ ಎಣಿಕೆ ನಡೆಸತಕ್ಕದ್ದು. ಬದುಕಿರುವ ಸಸಿಗಳು ಶೇ. 90ಕ್ಕಿಂತ ಕಡಿಮೆಯಿದ್ದಲ್ಲಿ ಮುಂದಿನ ಮುಂಗಾರಿನೊಳಗೆ ಮರುನೆಡತಕ್ಕದ್ದು. ತಪ್ಪಿದಲ್ಲಿ ಅಂತಿಮ ಹಂತದ ನಿವೇಶನ ಬಿಡುಗಡೆಗೆ ಶಿಫಾರಸು ಮಾಡಲಾಗುವುದಿಲ್ಲ ಹಾಗೂ ಬ್ಯಾಂಕ್ ಗ್ಯಾರಂಟಿಯನ್ನು ನಗದೀಕರಿಸಿ ಪಂಚಾಯ್ತಿಯೇ ಕಾಮಗಾರಿ ನಿರ್ವಹಿಸುವುದು."

ಇದನ್ನ ಸಭೆ ನಿರ್ಣಯ ಮಾಡಿ ಪ್ರಾಧಿಕಾರಕ್ಕೆ ಕಳ್ಸಿ, ಅವರ ಮಂಜೂರಾತಿ ಪತ್ರದಲ್ಲಿ ಇದು ಷರತ್ತಾಗಿ ಬಂತಾ ಅಂತ ನೋಡೋವರೆಗೂ ಬಿಡ್ಬೇಡಿ. ಬರ್ದೇ ಇದ್ರೆ ನಿಮ್ಮ ನಿರ್ಣಯಕ್ಕೆ ಅರ್ಧ ಬಲ, ಆಗ ಡೆವಲಪರ್ ಹತ್ರ ಛಾಪಾ ಕಾಗದದಲ್ಲಿ ಒಪ್ಪಂದ ಮಾಡ್ಸಿ. ಮರದ ನಕ್ಷೆ, ದೀಪದ ಪಟ್ಟಿ ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸಲ್ಲಿಸೋ ದಾಖಲೇಲೂ ಸೇರ್ಲಿ. ಯಾಕಂದ್ರೆ 500 ಚದರ ಮೀಟರ್ ಅಥವಾ 8 ಘಟಕ ದಾಟಿದ ಪ್ರಾಜೆಕ್ಟಿಗೆ ರೇರಾ ನೋಂದಣಿ ಬೇಕು, ಅಲ್ಲಿ ತೋರ್ಸಿದ ಮಂಜೂರಾದ ನಕ್ಷೆಯನ್ನ ಮೂರನೇ ಎರಡು ಭಾಗ ಖರೀದಿದಾರರ ಒಪ್ಪಿಗೆ ಇಲ್ದೇ ಬದಲಾಯ್ಸೋಕಾಗಲ್ಲ. ನಿಮ್ಮ ಪಂಚಾಯ್ತಿ ಬಾಡಿ ಹೋಗಿ ಬೇರೆ ಬಾಡಿ ಬಂದ್ರೂ ಸೈಟ್ ತಗೊಂಡೋರೇ ಕೇಳ್ತಾರೆ.

8. ದುಡ್ಡು, ಆಮೇಲೆ ಏಪ್ರಿಲ್

ಮೇಲಿನ ಷರತ್ತಲ್ಲಿ ಬಂದ ಬ್ಯಾಂಕ್ ಗ್ಯಾರಂಟಿ ಅಂದ್ರೆ ಡೆವಲಪರ್ ಮಾತು ತಪ್ಪಿದ್ರೆ ಬ್ಯಾಂಕೇ ಪಂಚಾಯ್ತಿಗೆ ದುಡ್ಡು ಕೊಡ್ತೀವಿ ಅಂತ ಬರೆದ ಪತ್ರ. ಅದರ ಮೊತ್ತ ಹೇಗೆ? ಒಂದು ಗಿಡಕ್ಕೆ ಗುಂಡಿ, ಸಸಿ, ಗಾರ್ಡು, ಮೂರು ವರ್ಷದ ನೀರು, ಆಳು ಸೇರಿಸಿ ಮೂರು ಕಡೆ ಕೊಟೇಷನ್ ತಗೊಳ್ಳಿ. ಲೆಕ್ಕಕ್ಕೆ ಗಿಡಕ್ಕೆ 3,000 ಅಂತಿಟ್ಕೊಂಡ್ರೆ 240 ಗಿಡಕ್ಕೆ 7 ಲಕ್ಷದ 20 ಸಾವಿರ. ವರ್ಷ ವರ್ಷ ಎಣಿಕೆ ಪಾಸಾದಂಗೆ ಮೂರನೇ ಒಂದು ಭಾಗ ವಾಪಸ್ ಕೊಡ್ತೀವಿ ಅಂದ್ರೆ ಅವರೂ ಒಪ್ತಾರೆ. ಗ್ಯಾರಂಟಿ ಪತ್ರ ಬಂದ ತಕ್ಷಣ ಆ ಬ್ರಾಂಚಿಗೇ ನೇರ ಪತ್ರ ಬರೆದು ಅಸಲಿನಾ ಅಂತ ಕನ್ಫರ್ಮ್ ಮಾಡ್ಕೊಳ್ಳಿ. ಅವಧಿ ನೋಡಿ, 3 ವರ್ಷದ ಷರತ್ತಿಗೆ 1 ವರ್ಷದ ಗ್ಯಾರಂಟಿ ಕೊಟ್ಟು ಸುಮ್ಮನಾಗ್ತಾರೆ. ನಮಗೆ ಆಗಿದ್ದು ಅದೇ, ಹಳೇ ಪಿಡಿಒ ಟ್ರಾನ್ಸ್‌ಫರ್ ಆಗಿ ಹೋದ್ರು, ಹೊಸಬ್ರು ಬೀರು ತೆಗೆದು ನೋಡೋ ಹೊತ್ಗೆ ಗ್ಯಾರಂಟಿ ಮುಗಿದು ಐದು ತಿಂಗಳಾಗಿತ್ತು. ಈಗ ಕೊನೇ ದಿನಾಂಕಕ್ಕೆ ಮೂರು ತಿಂಗಳ ಮುಂಚೆ ಅಂತ ಮೂರು ಜನರ ಫೋನಲ್ಲಿ ರಿಮೈಂಡರ್ ಇದೆ, ಆಫೀಸ್ ಗೋಡೆ ಮೇಲೆ ಕೆಂಪು ಪೆನ್ನಲ್ಲಿ ಬರೆದೂ ಇದೆ.

ಎಣಿಕೆಗೆ ಜೂನ್‌ನಲ್ಲಿ ಕರೆದ್ರೆ ಹೋಗ್ಬೇಡಿ, ಹೊಸದಾಗಿ ನೆಟ್ಟಿರೋ ಸಸಿನೂ ಲೆಕ್ಕಕ್ಕೆ ಬರುತ್ತೆ. ಏಪ್ರಿಲ್ ಎರಡನೇ ವಾರ, ಬೆಳಗ್ಗೆ ಎಂಟಕ್ಕೆ, ನಕ್ಷೆ ಹಿಡ್ಕೊಂಡು ನಂಬರ್ 1ರಿಂದ ನಡೀರಿ. ಗಿಡಕ್ಕೆ ಕಟ್ಟಿದ ನಂಬರ್ ತಗಡು, ಪಕ್ಕದಲ್ಲಿ ಒಬ್ಬರು ನಿಂತು ಫೋಟೋ, ಬುಡದ ಮಣ್ಣು ಕೈಯಲ್ಲಿ ಮುಟ್ಟಿ ನೋಡಿ ತೇವ ಇದ್ಯಾ ಅಂತ. ಅದೇ ದಿನ ಸಂಜೆ ಏಳಕ್ಕೆ ಮತ್ತೆ ಹೋಗಿ ದೀಪ ನೋಡಿ, ಫಿಟಿಂಗ್ ಮೇಲಿನ ವ್ಯಾಟ್ ಸ್ಟಿಕರ್ ಓದೋಕೆ ಒಂದು ಏಣಿ, ಸೆಸ್ಕ್ ಲೈನ್‌ಮನ್ ಒಬ್ಬರು ಜೊತೇಲಿರ್ಲಿ, ನೀವೇ ಕಂಬ ಹತ್ತೋಕೆ ಹೋಗ್ಬೇಡಿ. ಪಟ್ಟಿಲಿ ಇಬ್ಬರೂ ಸಹಿ ಹಾಕಿ, ಒಂದು ಕಾಪಿ ಅಲ್ಲೇ ಅವರ ಸೈಟ್ ಇಂಜಿನಿಯರ್ ಕೈಗೆ ಕೊಟ್ಟು ಸ್ವೀಕೃತಿ ತಗೊಂಡು ಬನ್ನಿ, ನಾಳೆ ಆಫೀಸಿಗೆ ಬಂದು ತಗೋತೀನಿ ಅಂದ್ರೆ ಬಿಡ್ಬೇಡಿ.